ಪಟ್ಟಿ ಸುತ್ತುವ ಕೋಣೆ

ಹನ್ನೊಂದು ವರ್ಷ ಬಾಕ್ಸಿಂಗ್ ರಿಂಗಿನ ಮೂಲೆಯಲ್ಲಿ ಮೇಷ್ಟ್ರಿಗಾಗಿ ನೀರಿನ ಬಕೆಟ್ ಹೊತ್ತವನಿಗೆ ಜನ ಬೇರೆ ಯಾವ ಹೆಸರು ತಾನೇ ಇಟ್ಟಾರು? ಬಕೆಟ್ ಎಂದೇ ಕರೆದರು. ಈಗ ಅವನದೇ ಬಾಕ್ಸಿಂಗ್ ಶಾಲೆಯಿದೆ. ಟೈರ್ ಅಂಗಡಿಯ ಮಹಡಿಯ ಮೇಲೆ, ಮೇಷ್ಟ್ರ ಶಾಲೆಗೆ ಸರಿಯಾಗಿ ಎದುರಿಗೆ. ಬೋರ್ಡಿನ ಮೇಲೆ ‘ಮುಖ್ಯ ತರಬೇತುದಾರ’ ಎಂದು ದಪ್ಪಕ್ಷರದಲ್ಲಿ ಬರೆಸಿಕೊಂಡಿದ್ದಾನೆ. ಆದರೂ ಕೆಳಗಿನ ಟೈರಿನವನು, “ಬಕೆಟ್ಟಾ? ಮೇಲಿದಾನೆ ಹೋಗಿ” ಎಂದೇ ದಾರಿ ತೋರಿಸುತ್ತಾನೆ. ಬಕೆಟ್ ಹಿಡಿದೇ ಮೇಲೆ ಬಂದವನು ಎಂಬ ಕೊಂಕು ಬೇರೆ.

ಅವನು ಮೇಷ್ಟ್ರನ್ನು ಬಿಟ್ಟದ್ದು ಒಂದು ಮುಚ್ಚಿದ ಬಾಗಿಲಿನ ದೆಸೆಯಿಂದ. ಗ್ಲೌಸ್ ಹಾಕುವ ಮೊದಲು ಬಾಕ್ಸರನ ಕೈಗೆ ಬಟ್ಟೆಪಟ್ಟಿ ಸುತ್ತಬೇಕಲ್ಲ, ಆ ಕೆಲಸವನ್ನು ಮೇಷ್ಟ್ರು ಒಳಕೋಣೆಯಲ್ಲಿ ಚಿಲಕ ಹಾಕಿಕೊಂಡು ಮಾಡುತ್ತಿದ್ದರು. ಅವರು ಸುತ್ತಿದ ಕೈ ರಿಂಗಿನಲ್ಲಿ ಮುರಿದದ್ದೇ ಇಲ್ಲ. ಬಕೆಟ್‌ನ ಬಲಗೈಯೋ, ಇಪ್ಪತ್ತಮೂರನೇ ವಯಸ್ಸಿನಲ್ಲೇ ಬೇರೆ ಯಾರೋ ಸುತ್ತಿದ ಪಟ್ಟಿಯೊಳಗೆ ಎರಡು ಕಡೆ ಮುರಿದು ಅವನ ಆಟ ಮುಗಿಸಿತ್ತು. ಹಾಗಾಗಿ ಒಳಗೆ ಏನು ನಡೆಯುತ್ತದೆಂದು ತಿಳಿಯದೆ ಅವನಿಗೆ ತಿಂದ ಅನ್ನ ಜೀರ್ಣವಾಗುತ್ತಿರಲಿಲ್ಲ. ಹುಡುಗರನ್ನು ಕೇಳಿದರೆ, “ಏನಿಲ್ಲಣ್ಣ, ಸುಮ್ನೆ ಸುತ್ತಾರೆ” ಎಂದು ನೆಲ ನೋಡುತ್ತಿದ್ದರು. ಕೊನೆಗೊಂದು ದಿನ ಧೈರ್ಯ ಮಾಡಿ ಮೇಷ್ಟ್ರನ್ನೇ ಕೇಳಿದ.

“ಬಕೆಟ್ ತುಂಬಿದ್ಯಾ ನೋಡ್ಹೋಗು” ಎಂದರು ಮೇಷ್ಟ್ರು.

ತುಂಬಿದ ಬಕೆಟ್ಟನ್ನು ಅಲ್ಲೇ ಕುಕ್ಕಿ ಹೊರಟುಬಂದ. ಆಮೇಲೆ ಮೂರು ವರ್ಷ ಇಬ್ಬರ ನಡುವೆ ಮಾತಿಲ್ಲ ಕತೆಯಿಲ್ಲ. ನನ್ನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲವೇ, ಇರಲಿಲ್ಲ ಅಂದರೆ ಯಾಕೆ ಎಂಬ ಪ್ರಶ್ನೆ ಮಾತ್ರ ಅವನನ್ನು ಬಿಡಲಿಲ್ಲ.

ಹೀಗಿರುವಾಗ ಬಕೆಟ್‌ನ ಬಾಮೈದನಿಗೂ ಮೇಷ್ಟ್ರ ಶಿಷ್ಯನಿಗೂ ಪಂದ್ಯ ನಿಗದಿಯಾಯಿತು. ಆ ಶಿಷ್ಯ ಆರಡಿ ಮೂರಂಗುಲದವನು. ಎಲ್ಲರೂ ಕಂಬ ಎನ್ನುತ್ತಿದ್ದರು. ಪಂದ್ಯಕ್ಕೊಂದು ನಿಯಮವಿದೆ. ಪಟ್ಟಿಯೊಳಗೆ ಗಟ್ಟಿ ವಸ್ತು ಏನೂ ಬಚ್ಚಿಡಬಾರದೆಂದು, ಒಂದು ಬಣ ಸುತ್ತುವಾಗ ಎದುರು ಬಣದವರೊಬ್ಬರು ಪಕ್ಕದಲ್ಲೇ ಕೂತು ನೋಡಬಹುದು. ಮೇಷ್ಟ್ರ ವಿಷಯದಲ್ಲಿ ಈವರೆಗೆ ಯಾರೂ ಹಾಗೆ ಕೂತಿರಲಿಲ್ಲ. ಅಂಥ ಹಿರಿಯರನ್ನು ಕಳ್ಳ ಎಂದಂತೆ ಆಗುತ್ತದಲ್ಲ! ಈ ಸಲ ತಾನೇ ಹೋಗಿ ಕೂರುವುದೆಂದು ಬಕೆಟ್ ನಿಶ್ಚಯಿಸಿದ.

“ಅವರಿಗೆ ಅವಮಾನ ಮಾಡಕ್ಕೆ ಹೋಗ್ತಿದೀರಾ?” ಎಂದಳು ಹೆಂಡತಿ.

“ಕಲಿಯಕ್ಕೆ ಹೋಗ್ತಿದೀನಿ ಕಣೆ.”

“ನೋಡೋರಿಗೆ ಎರಡೂ ಒಂದೇ ಥರ ಕಾಣತ್ತೆ. ಹುಷಾರು.”

ಪಂದ್ಯದ ದಿನ ಮೇಷ್ಟ್ರ ಬಣಕ್ಕೆ ಕೊಟ್ಟ ಕೋಣೆಯಲ್ಲಿ ಮೂರು ಕುರ್ಚಿ, ಒಂದು ಟ್ಯೂಬ್‌ಲೈಟು, ಬೆಂಚಿನ ಮೇಲೆ ಅಂಟುಪಟ್ಟಿಯ ಸುರುಳಿಗಳು. ಸುತ್ತಿ ಮುಗಿದ ಪಟ್ಟಿಯ ಮೇಲೆ ಸಹಿ ಹಾಕಬೇಕಾದ ಪಂದ್ಯದ ಮೇಲ್ವಿಚಾರಕಿ ಪೆನ್ನು ಹಿಡಿದು ಕೂತಿದ್ದರು. ಬಕೆಟ್ ಒಳಗೆ ಬಂದದ್ದು ನೋಡಿ ಮೇಷ್ಟ್ರ ಮುಖ ಕೆಂಪೇರಿತು.

“ನನ್ನ ನೀರು ಹೊತ್ತೋನು, ಈಗ ನನ್ನನ್ನೇ ತಪಾಸಣೆ ಮಾಡ್ತೀಯೇನೋ?”

“ನಿಯಮ ಇದೆ, ಸಾರ್.”

ಮೇಷ್ಟ್ರು ಕಂಬನ ಬಲಗೈ ಎತ್ತಿಕೊಂಡರು. ಬಕೆಟ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ಮಣಿಕಟ್ಟಿಗೆ ಮೂರು ಸುತ್ತು, ಅಂಗೈ ದಾಟಿ ಗೆಣ್ಣುಗಳ ಮೇಲೆ, ಬೆರಳ ಸಂದಿಯಲ್ಲಿ ಇಳಿದು ಮತ್ತೆ ಮಣಿಕಟ್ಟಿಗೆ. ಇಷ್ಟೇನಾ? ಇದನ್ನು ಅವನೂ ಮಾಡುತ್ತಾನೆ, ಊರಿನವರೆಲ್ಲ ಮಾಡುತ್ತಾರೆ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತಲ್ಲ ಎಂದು ಅವನಿಗೆ ಅಳುವೇ ಬಂತು.

ಆದರೆ ಮೇಷ್ಟ್ರು ಸುತ್ತಿದ್ದನ್ನು ಬಿಚ್ಚಿದರು. ಮತ್ತೆ ಸುತ್ತಿದರು, ಮತ್ತೆ ಬಿಚ್ಚಿದರು. ಹೆಬ್ಬೆರಳಿನ ಬುಡ ಒತ್ತಿ ಕಂಬನ ಮುಖ ನೋಡಿದರು. ಏನೋ ಹೇಳಲು ತುಟಿ ಅಲುಗಿತು, ಬಕೆಟ್ಟನ್ನು ಕಂಡು ಅಲ್ಲೇ ನಿಂತಿತು. ಕಂಬನೂ ಬಕೆಟ್ಟನ್ನು ನೋಡಿ ಹಲ್ಲು ಕಚ್ಚಿದ.

“ಹೊತ್ತಾಗ್ತಿದೆ, ಸಾರ್” ಎಂದರು ಮೇಲ್ವಿಚಾರಕಿ.

ನಾಲ್ಕೇ ನಿಮಿಷದಲ್ಲಿ ಒಂದು ಕೈ ಮುಗಿಸುತ್ತಿದ್ದ ಮನುಷ್ಯ ಹೀಗೇಕೆ ತಡಕಾಡುತ್ತಿದ್ದಾರೆ? ಆಗ ಬಕೆಟ್‌ಗೆ ಥಟ್ಟನೆ ಹೊಳೆಯಿತು. ಗುಟ್ಟು ಪಟ್ಟಿಯಲ್ಲಿರಲಿಲ್ಲ. ಸುತ್ತುವ ಮೊದಲು ಮೇಷ್ಟ್ರು ಎಲ್ಲಿ ನೋಯುತ್ತಿದೆ ಎಂದು ಕೇಳುತ್ತಿದ್ದರು. ಬೇರೆ ಯಾರಿಗೂ ಹೇಳದ ನೋವನ್ನು ಹುಡುಗರು ಅವರಿಗೆ ಹೇಳುತ್ತಿದ್ದರು. ಅಲ್ಲಿಗೆ ಬೇಕಾದಂತೆ ಪಟ್ಟಿ ಬೀಳುತ್ತಿತ್ತು. ಇವತ್ತು ವೈರಿಯ ಎದುರು ಕೇಳುವುದು ಹೇಗೆ, ಹೇಳುವುದು ಹೇಗೆ?

ಕಂಬನ ಹೆಬ್ಬೆರಳು ಈ ಪಟ್ಟಿಯೊಳಗೆ ಮುರಿಯುತ್ತದೆ. ಸುಮ್ಮನೆ ಕೂತಿದ್ದರೆ ಸಾಕು, ಪಂದ್ಯ ಬಾಮೈದನದು. ಒಂದು ಕ್ಷಣ ಸುಮ್ಮನೆ ಕೂತ ಕೂಡ. ಆಮೇಲೆ ತನ್ನ ಬಲಗೈ ನೋಡಿಕೊಂಡು ಎದ್ದ.

“ಕೇಳೋದು ಕೇಳಿ ಸಾರ್. ನಾನು ಹೊರಗಿರ್ತೀನಿ.”

“ಹೊರಗೋದ್ರೆ ಆಮೇಲೆ ತಕರಾರು ತೆಗೆಯೋ ಹಾಗಿಲ್ಲ” ಎಂದರು ಮೇಲ್ವಿಚಾರಕಿ. ಅವನು ತಕರಾರಿಲ್ಲ ಎಂದು ಬರೆದು ಸಹಿ ಹಾಕಿದ. ಬಾಗಿಲು ಎಳೆದುಕೊಳ್ಳುವಾಗ, “ಎಲ್ಲಿ ಮಗಾ?” ಎಂದದ್ದು ಕೇಳಿಸಿತು. ಮೇಷ್ಟ್ರಿಗೆ ಅಂಥದ್ದೊಂದು ದನಿ ಇದೆಯೆಂದು ಹನ್ನೊಂದು ವರ್ಷದಲ್ಲಿ ಅವನಿಗೆ ಗೊತ್ತೇ ಇರಲಿಲ್ಲ. ಹೊಟ್ಟೆಕಿಚ್ಚಾಯಿತು.

ಅರ್ಧ ಗಂಟೆಯ ಮೇಲೆ ಬಕೆಟ್‌ನ ಕೋಣೆಗೆ ನೋಡಲು ಬಂದವರು ಸಾಕ್ಷಾತ್ ಮೇಷ್ಟ್ರೇ. ಕುರ್ಚಿ ಎಳೆದು ಕೂತರು. ಹಿಂದೆಯೇ ಮೇಲ್ವಿಚಾರಕಿಯೂ ಬಂದು ಕೂತರು. ಬಾಮೈದ ಎರಡೂ ಕೈ ಚಾಚಿದ. ಬಕೆಟ್ ಪಟ್ಟಿ ತೆಗೆದುಕೊಂಡವನು ತಡೆದ. ಈಗ ಕೇಳಿದರೆ ಮೇಷ್ಟ್ರಿಗೂ ಕೇಳಿಸುತ್ತದೆ. ಕೇಳದಿದ್ದರೆ?

“ಎಲ್ಲಾದ್ರೂ ನೋಯ್ತಿದ್ಯಾ?”

ಬಾಮೈದ ನಕ್ಕ. “ಇದೇನ್ ಭಾವ, ಹೊಸದು?” ಭಾವ ನಗುತ್ತಿಲ್ಲವೆಂದು ಕಂಡ ಮೇಲೆ ಮೆಲ್ಲಗೆ, “ಎಡಗೈ ಕಿರುಬೆರಳು. ಮೂರು ವಾರ ಆಯ್ತು” ಎಂದ.

“ನಂಗ್ಯಾಕೋ ಹೇಳ್ಲಿಲ್ಲ?”

“ಹೇಳಿದ್ರೆ ಎಲ್ಲರ ಮುಂದೆ ಆಡ್ಕೋತೀರ. ಅಕ್ಕನಿಗೆ ಹೇಳಿದ್ದೆ.”

ಬಕೆಟ್ ಅವನ ಎಡಗೈ ಎತ್ತಿಕೊಂಡ. ಮೇಷ್ಟ್ರು ಕುರ್ಚಿಯನ್ನು ಹತ್ತಿರಕ್ಕೆ ಜರುಗಿಸಿದರು.

“ಕಿರುಬೆರಳನ್ನ ಒಂಟಿಯಾಗಿ ಬಿಡಬೇಡ. ಪಕ್ಕದ್ದರ ಜೊತೆ ಸೇರಿಸಿ ಸುತ್ತು. ಅಷ್ಟು ಬಿಗಿ ಅಲ್ಲ. ಹಾಂ, ಹಾಗೆ.”

“ಎದುರು ಬಣದೋರು ಕೈ ಹಾಕೋ ಹಾಗಿಲ್ಲ!” ಎಂದು ಮೇಲ್ವಿಚಾರಕಿ ಎದ್ದೇಬಿಟ್ಟರು.

“ಕೈ ಎಲ್ಲಮ್ಮ ಹಾಕಿದೀನಿ? ಬಾಯಿ ಹಾಕಿದೀನಿ” ಎಂದರು ಮೇಷ್ಟ್ರು. ಆಮೇಲೆ ಬಕೆಟ್‌ನ ಕಡೆ ತಿರುಗಿ, “ರಿಂಗಲ್ಲಿ ಕರುಣೆ ಗಿರುಣೆ ಇಲ್ಲ. ನಿನ್ನ ಹುಡುಗನ್ನ ಸೋಲಿಸಕ್ಕೇ ಬಂದಿರೋದು” ಎಂದರು.

“ಗೊತ್ತು ಸಾರ್.” ಬಕೆಟ್ ಇನ್ನು ತಡೆಯಲಾರದೆ ಕೇಳಿಯೇಬಿಟ್ಟ. “ಇದನ್ನ ಆವಾಗ್ಲೇ ನಂಗ್ಯಾಕೆ ತೋರಿಸ್ಲಿಲ್ಲ?”

ಮೇಷ್ಟ್ರು ದನಿ ತಗ್ಗಿಸಿದರು.

“ಒಳಗೆ ಹುಡುಗರು ಅಳ್ತಿದ್ರು ಕಣೋ. ನೀನು ನೋಡಿದ್ರೆ ನಗ್ತಿದ್ದೆ.”

ಇಲ್ಲ ಸಾರ್ ಎನ್ನಲು ಬಕೆಟ್ ಬಾಯಿ ತೆರೆದ. ಬಾಮೈದ ಅವನನ್ನೇ ನೋಡುತ್ತಿದ್ದ. ತಾನು ನಗುತ್ತಿದ್ದೆ ಎಂಬುದು ಬಕೆಟ್‌ಗೇ ಗೊತ್ತಿತ್ತು. ತಲೆ ತಗ್ಗಿಸಿ ಇನ್ನೊಂದು ಕೈ ಎತ್ತಿಕೊಂಡು, “ಈ ಕೈಯಲ್ಲಿ ಎಲ್ಲೋ?” ಎಂದು ಕೇಳಿದ.