ಅಜ್ಜಿ ಬಿದ್ದಿರಲಿಲ್ಲ

ಪ್ರೊಫೆಸರ್ ರಾಮನಾಥರ ಕೈಯಲ್ಲಿ ಬೆತ್ತ ಕಂಡಾಗಲೇ ಮಂದಾಕಿನಿಗೆ ಹೇಸಿಗೆಯಾಗಿತ್ತು. ಆದರೂ ಕ್ಯಾಮೆರಾ ಕೆಳಗಿಡಲಿಲ್ಲ. ಅವರ ಬ್ರಿಟಿಷ್ ಅಧ್ಯಯನ ವಿಭಾಗದಲ್ಲಿ ಚರಿತ್ರೆ, ಸಾಹಿತ್ಯ, ಸಮಾಜಶಾಸ್ತ್ರ ಎಲ್ಲ ಒಂದೇ ಪಾತ್ರೆಯಲ್ಲಿ ಬೇಯುತ್ತಿದ್ದವು. ಅವಳ ಐದು ವರ್ಷದ ಪಿಎಚ್.ಡಿ.ಗೆ ಬೇಕಾದ ಸಹಿ ಮಾತ್ರ ಅವರೊಬ್ಬರ ಕೈಯಲ್ಲಿತ್ತು.

ಕಡಲ ದಂಡೆಯ ಹಾರವಾಡದ ಮೀನುಗಾರರ ಮನೆಯ ಮಾದೇವಿಯನ್ನು ಹುಡುಕಿಕೊಟ್ಟವಳೂ ಅದೇ ಸೀಮೆಯ ಶೆಟಗೇರಿಯವಳಾದ ಮಂದಾಕಿನಿಯೇ. ಆ ಮನೆಯಲ್ಲಿ ವರ್ಷಕ್ಕೊಂದು ದಿನ ಕಡಲ ನೀರು ಕಾಯಿಸಿ ಉಪ್ಪು ತೆಗೆಯುತ್ತಾರೆ. ಆ ದಿನದ ಗಂಜಿಗೆ ಅದೇ ಉಪ್ಪು. ಬ್ರಿಟಿಷರ ಕಾಲದ ಉಪ್ಪಿನ ಸತ್ಯಾಗ್ರಹದಲ್ಲಿ ಹೀಗೆ ಉಪ್ಪು ತೆಗೆದಿದ್ದಕ್ಕೆ ಪೊಲೀಸರು ಹೊಡೆದರೂ ಮಾದೇವಿಯ ಅಜ್ಜಿ ಸುಡುವ ಮಡಕೆ ಬಿಟ್ಟಿರಲಿಲ್ಲವಂತೆ. ಎರಡೂ ಅಂಗೈ ಬೆಂದರೂ ಕೂತಲ್ಲೇ ಕೂತಿದ್ದಳಂತೆ. ಅದನ್ನೇ ಚಿತ್ರ ತೆಗೆಯಲೆಂದು ಮಾದೇವಿಯನ್ನು ಅಜ್ಜಿಯಾಗಿ ಕಡಲ ದಂಡೆಯ ಮರಳಲ್ಲಿ ಕೂರಿಸಿದ್ದರು.

"ಕೂತರೆ ಏನು ಕಾಣುತ್ತೆ? ಸಾಮ್ರಾಜ್ಯದ ಕ್ರೌರ್ಯ ಕಾಣಬೇಕು. ನಾನು ಬೆತ್ತ ಎತ್ತುತ್ತೇನೆ, ನೀವು ಬೀಳಿ," ಎಂದರು ರಾಮನಾಥ.

"ನಮ್ಮಜ್ಜಿ ಬಿದ್ದವ್ಳಲ್ಲ ಸರ್."

ಅವರು ಮಂದಾಕಿನಿಯನ್ನು ದುರುಗುಟ್ಟಿ ನೋಡಿದರು. ಮಂದಾಕಿನಿ ನೆಲ ನೋಡಿದಳು. ಸಹಿಯ ವಿಷಯ ಮಾದೇವಿಗೂ ಗೊತ್ತಿತ್ತು. "ಆಯ್ತು ಮಗಾ, ನಿನ್ನ ಓದು ಮುಗೀಲಿ," ಎಂದವಳೇ ಮರಳಲ್ಲಿ ಬಿದ್ದಳು. ಬೆಳಕು ಸಾಲದೆಂದು ಆ ಮಹಾನುಭಾವರು ಅರವತ್ತರ ಹೆಂಗಸನ್ನು ಮೂರು ಸಲ ಬೀಳಿಸಿದರು. ಕೊನೆಗೆ ಗಂಜಿಗೆ ಕರೆದರೆ, ಇಂಥ ಉಪ್ಪು ತನಗೆ ಒಗ್ಗುವುದಿಲ್ಲವೆಂದು ಮೂಗು ಮುರಿದರು.

ತಿಂಗಳ ನಂತರ ಕಾರವಾರದಲ್ಲಿ ವಿಚಾರಸಂಕಿರಣ. ಶಾಲು ಹೊದಿಸಲೆಂದು ಮಾದೇವಿಯನ್ನೂ ಕರೆಸಿದ್ದರು. ತೆರೆಯ ಮೇಲೆ ಅವಳು ಬಿದ್ದಳು, ಸಭೆ ಚಪ್ಪಾಳೆ ತಟ್ಟಿತು, ರಾಮನಾಥರು ಕಣ್ಣೊರೆಸಿಕೊಂಡರು. ಥೂ, ಹನಿ ನೀರಿಲ್ಲದ ಕಣ್ಣು! ಚಿತ್ರದ ಕೆಳಗೆ ತನ್ನ ಹೆಸರು ಕಂಡಾಗ ಮಂದಾಕಿನಿಗೆ ಅದಕ್ಕಿಂತ ಹೆಚ್ಚು ಹೇಸಿಗೆಯಾದದ್ದು ತನ್ನ ಮೇಲೇ.

ಶಾಲು ತಂದವರನ್ನು ಮಾದೇವಿ ಕೈಯಡ್ಡ ಹಿಡಿದು ತಡೆದಳು. "ಇದು ಸುಳ್ಳು. ನಮ್ಮಜ್ಜಿ ಬೀಳ್ಲೇ ಇಲ್ಲ. ಬಿದ್ದವ್ಳು ನಾನು."

"ಮತ್ತೆ ನೀವು ಯಾಕಮ್ಮ ಬಿದ್ದಿರಿ?" ಸಭೆಯಲ್ಲಿ ಯಾರೋ ಕೇಳಿದರು.

ಮಾದೇವಿ ಮಂದಾಕಿನಿಯತ್ತ ಒಮ್ಮೆ ನೋಡಿದಳು. "ಕಾಲು ಜಾರ್ತು," ಎಂದಳು.

ಈಗಲೂ ತನ್ನನ್ನೇ ಕಾಯುತ್ತಿದ್ದಾಳೆ ಈ ಹೆಂಗಸು! ಮಂದಾಕಿನಿಗೆ ಕೂತಿರಲಾಗಲಿಲ್ಲ, ಎದ್ದು ನಿಂತಳು.

"ಜಾರಿದ್ದಲ್ಲ. ಬೀಳಿಸಿದ್ದು ಈ ಸರ್. ಇವರು ಬಿದ್ದದ್ದು ನನ್ನ ಪಿಎಚ್.ಡಿ.ಯ ಸಹಿಗೋಸ್ಕರ. ನೋಡುತ್ತಾ ಚಿತ್ರ ತೆಗೆದವಳು ನಾನು."

ರಾಮನಾಥರ ಮುಖ ಕಪ್ಪಿಟ್ಟಿತು. ಐದು ವರ್ಷದ ಓದು ಅಲ್ಲಿಗೆ ಮುಗಿಯಿತು. ತನ್ನ ಮೇಲಿನ ಹೇಸಿಗೆ ಮಾತ್ರ ಹೋಗಲಿಲ್ಲ.