ಶುಕ್ರವಾರದ ಸೌನಾ ಸರದಿ

ಫೋನು ಇಟ್ಟ ಕೂಡಲೇ ಔಲಿಕ್ಕಿ ಮೂಗು ಹಿಡಿದುಕೊಂಡು, ಆಗಷ್ಟೇ ಮಾತಾಡಿದ ಗಂಡಸಿನ ದನಿಯಲ್ಲೇ ತಂಗಿ ಸಿರ್ಕಾಗೆ ವರದಿ ಒಪ್ಪಿಸಿದಳು: "ಮನೆ ಖಾಲಿ ಇದೆಯಂತಲ್ಲ, ಬಿಸಿಲು ಬರತ್ತಾ, ನಾಯಿ ಸಾಕಬಹುದಾ... ಹಾಂ, ಮತ್ತೆ, ಸೌನಾ ಸರದಿ ಯಾವತ್ತು?"

"ಎಲ್ಲರೂ ಅದನ್ನೇ ಕೇಳ್ತಾರೇನೇ ಅಕ್ಕಾ?"

"ಎಲ್ಲರೂ! ಬೆಳಗ್ಗೆ ಒಬ್ಬಳು ಅಡಿಗೆಮನೆ ಒಲೆ ಬಗ್ಗೆ ಶುರು ಮಾಡಿ, ಮೆಲ್ಲಗೆ ನೆಲಮಾಳಿಗೆ ಒಲೆಗೆ ಇಳಿದಳು."

ಕೇಳದೆ ಇನ್ನೇನು? ಹೆಸರಲ್ಲೇ ತಂಪು ಎರೆದುಕೊಂಡಿರುವ ತಂಪೆರೆ ಎಂಬ ಹಿಮದೂರು ಅದು. ನವೆಂಬರಿನಲ್ಲಿ ಮಧ್ಯಾಹ್ನಕ್ಕೇ ಕತ್ತಲು. ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ ಸೌನಾ, ಅಂದರೆ ಕಾದ ಕಲ್ಲಿಗೆ ನೀರೆರಚಿ ಆವಿಯಲ್ಲಿ ಬೆವರುವ ಕೋಣೆ; ಮನೆಗೆ ವಾರಕ್ಕೊಂದು ಗಂಟೆ. ಔಲಿಕ್ಕಿ ವಾಸವಿದ್ದ ಮನೆಗೆ ಸಿಕ್ಕಿದ್ದು ಮಂಗಳವಾರ ಮಧ್ಯಾಹ್ನ, ಒಲೆ ಇನ್ನೂ ಆಕಳಿಸುವ ಹೊತ್ತು. ಚಿಕ್ಕಮ್ಮ ಅವಳ ಹೆಸರಿಗೆ ಬಿಟ್ಟುಹೋದ, ಮೇಲಂತಸ್ತಿನ ಪುಟ್ಟ ಮನೆಗೆ ಮಾತ್ರ ಶುಕ್ರವಾರ ಸಂಜೆ, ಬಂಗಾರದಂಥ ಗಂಟೆ. ಅಲ್ಲಿ ಬಾಡಿಗೆಗಿದ್ದ ಮುದುಕ ತೋರ್ಸ್ತಿಗೆ ಡಾಕ್ಟರು ಬಿಸಿ ಕೂಡದು ಎಂದಿದ್ದರು. "ಹೋಗಮ್ಮಾ, ನನ್ನ ಪಾಲಿನದನ್ನೂ ನೀನೇ ಬೆವರು" ಎಂದು ಆತ ಸರದಿಯನ್ನು ಅವಳಿಗೆ ಬಿಟ್ಟಿದ್ದ. ಹೀಗೆ ವರ್ಷಗಟ್ಟಲೆ ಶುಕ್ರವಾರದಲ್ಲೇ ಅವಳಿಗೆ ಶುಕ್ರದೆಸೆ. ಈಗ ತೋರ್ಸ್ತಿ ಮಗಳ ಮನೆಗೆ ಹೋಗಿದ್ದ. ಸರದಿ ಮನೆಗೆ ಸೇರಿದ್ದು. ಅಂದರೆ ಹೊಸದಾಗಿ ಬರುವವರಿಗೆ.

ಔಲಿಕ್ಕಿ ಸೌನಾದಲ್ಲಿ ಏನು ಮಾಡುತ್ತಿದ್ದಳೆಂದು ಸಿರ್ಕಾಗೂ ಗೊತ್ತಿರಲಿಲ್ಲ. ಎಲ್ಲಕ್ಕಿಂತ ಮೇಲಿನ ಹಲಗೆಯ ಮೂಲೆಯಲ್ಲಿ, ಮಬ್ಬುಗತ್ತಲಲ್ಲಿ ಕೂತು, ವಾರವಿಡೀ ಕೇಳಿದ ದನಿಗಳನ್ನೆಲ್ಲ ಒಂದೊಂದಾಗಿ ಹೊರಬಿಡುತ್ತಿದ್ದಳು. ಮೆಟ್ಟಿಲ ಹಿಮ ಗೋರುವ ಮೌನೋ, ಔಷಧಿ ಅಂಗಡಿಯ ಹುಡುಗಿ, ಚರ್ಚಿನ ಪಾದ್ರಿ. ಮನೆಯಲ್ಲಾದರೆ ಗೋಡೆ ತೆಳು, ಪಕ್ಕದವರು ಕೇಳಿಸಿಕೊಂಡಾರು. ಸೌನಾದಲ್ಲಿ ಗೋಡೆ ದಪ್ಪ, ದನಿಗೆ ಒಳ್ಳೆಯ ತೂಕ. ಶಾಲೆಯ ಅಡಿಗೆಮನೆಯಲ್ಲಿ ಜನ್ಮವಿಡೀ ಸೌಟು ಹಿಡಿದವಳಿಗೆ ಅದೊಂದೇ ರಂಗಸ್ಥಳ. ಅದು ಕೈಬಿಟ್ಟರೆ?

ಹಾಗಾಗಿ ಅವಳಿಗೆ ಬೇಕಾದದ್ದು ಸೌನಾ ಬೇಡದ ಬಾಡಿಗೆದಾರ. ಅದನ್ನು ಬಾಯಿಬಿಟ್ಟು ಕೇಳುವಂತಿಲ್ಲ. ಅಂಥವನೂ ಸಿಕ್ಕಿಯೇ ಸಿಕ್ಕ. ಎಯೆಮೆಲಿ ಅಂತ ಹೆಸರು.

"'ಸೌನಾನಾ? ನಂಗೆ ಶವರ್ ಸಾಕು' ಅಂದ ಕಣೇ!" ಎಂದಳು, ಅವನದೇ ಒಣ ದನಿಯಲ್ಲಿ.

"ಮತ್ತಿನ್ನೇನು, ಕೊಟ್ಬಿಡು ಅವನಿಗೇ."

"ಹೆಂಗೆ ಕೊಡ್ಲಿ? ಶುಕ್ರವಾರ ಸಂಜೆ ಎಲ್ಲರೂ ಬೆವರ್ತಿರುವಾಗ ಇವನೊಬ್ಬ ನನ್ನ ತಲೆ ಮೇಲೆ ಏನ್ ಮಾಡ್ತಾ ಕೂತಿರ್ತಾನೆ? ಏನೋ ಮುಚ್ಚಿಡ್ತಿದಾನೆ."

"ನೀನು ಪೊಲೀಸಾಗ್ಬೇಕಿತ್ತು, ಅಕ್ಕಾ. ನಿಂಗೆ ಬೇಕಾದವನು ಸಿಕ್ಕರೆ ಅವನ ಮೇಲೇ ಗುಮಾನಿ!"

ಎಯೆಮೆಲಿಗೆ ನಾಳೆ ಹೇಳ್ತೀನಿ ಅಂದಿದ್ದಳು. ಆ ಶುಕ್ರವಾರ ಸಂಜೆ ಮನೆ ನೋಡಲು ಇನ್ನೊಬ್ಬಳು ಬರುವುದಿತ್ತು, ಟ್ರಾಮು ಓಡಿಸುವ ವೆನ್ಲಾ. ಬರಬೇಕಾದ ಹೊತ್ತಿಗೆ ಬರಲಿಲ್ಲ. ಔಲಿಕ್ಕಿ ಟವಲು ಹೆಗಲಿಗೆ ಹಾಕಿಕೊಂಡು ನೆಲಮಾಳಿಗೆಗೆ ಹೊರಟಾಗಲೇ ಬಾಗಿಲ ಗಂಟೆ.

"ಕ್ಷಮಿಸಿ, ಹಳಿ ಮೇಲೆ ಮಂಜುಗಡ್ಡೆ. ನಾನು ಓಡಿಸೋ ಟ್ರಾಮೇ ಲೇಟು" ಎಂದಳು ನಲವತ್ತರ ಆಸುಪಾಸಿನ ಹೆಂಗಸು, ಸಮವಸ್ತ್ರದಲ್ಲೇ.

ಮೇಲೆ ಹೋಗಿ ನೋಡಿದರು. ವೆನ್ಲಾ ನಲ್ಲಿ ತಿರುಗಿಸಿದಳು, ಕಿಟಕಿ ತೆರೆದು ಮುಚ್ಚಿದಳು. ಬಿಸಿಲು ಕೇಳಲಿಲ್ಲ, ನಾಯಿ ಕೇಳಲಿಲ್ಲ. ಕೊನೆಗೆ ಔಲಿಕ್ಕಿಯೇ ಬಾಯಿ ತೆಗೆದಳು.

"ಏನಾದ್ರೂ ಕೇಳೋದಿದ್ರೆ ಕೇಳಿಬಿಡಿ."

"ನಿಮ್ಮ ಹೆಗಲ ಮೇಲಿನ ಟವಲು... ಅದು ಈ ಮನೆ ಸರದೀನಾ?"

ಸುಳ್ಳು ಹೇಳಬಹುದಿತ್ತು. "ಹೌದು" ಎಂದಳು.

"ಹಾಗಾದ್ರೆ ಅದು ನಂಗೆ ಬೇಕು. ಮನೆ ಆಮೇಲೆ."

ಔಲಿಕ್ಕಿ ಟವಲನ್ನು ಹೆಗಲಿಗೆ ಬಿಗಿಯಾಗಿ ಎಳೆದುಕೊಂಡಳು. ಮಾತು ಮನೆಯ ಬಾಡಿಗೆಯಿಂದ ಜಾರಿ ನೇರ 'ಬಾಡಿ'ಗೇ ಬಂದುಬಿಟ್ಟಿತ್ತು. ಹೋಗಿಬನ್ನಿ ಅಂದು ಎಯೆಮೆಲಿಗೆ ಫೋನು ಮಾಡಿದರೆ ಮುಗಿಯಿತು. ಆದರೆ ಇಷ್ಟು ನೆಟ್ಟಗೆ ಕೇಳುವವಳು ಬಿಸಿಯಲ್ಲಿ ಹೇಗಿರಬಹುದು? ಹಾಳು ಕುತೂಹಲ.

"ಬನ್ನಿ, ಅದನ್ನೂ ನೋಡೇಬಿಡಿ. ಇನ್ನೊಂದು ಟವಲು ಇದೆ."

ವೆನ್ಲಾ ನೇರವಾಗಿ ಮೇಲಿನ ಹಲಗೆ ಹತ್ತಿ ಔಲಿಕ್ಕಿಯ ಮೂಲೆಯಲ್ಲೇ ಕೂತಳು. ಕಾದ ಕಲ್ಲುಗಳ ಮೇಲೆ ನೀರು ಚುಂಯ್ ಎಂದಿತು. ಔಲಿಕ್ಕಿಯ ಬಾಯಿಗೆ ಆ ಕೋಣೆಯಲ್ಲಿ ಮುಚ್ಚಿಕೊಂಡಿರುವ ಅಭ್ಯಾಸವೇ ಇರಲಿಲ್ಲ. ನಾಲಿಗೆ ತುರಿಸಿತು, ತುಟಿ ಕಚ್ಚಿಕೊಂಡಳು. ಆದರೂ ಜಾರಿಯೇ ಬಿಟ್ಟಿತು:

"ಬಕೆಟ್ ಇಲ್ಲಿ ಯಾವನಯ್ಯಾ ಇಟ್ಟಿದ್ದು? ನಾನೇನು ನಿಮ್ಮ ಮಾವನ ಮನೆ ಆಳಾ?"

"ಅಯ್ಯೋ, ಗಂಡಸು!" ವೆನ್ಲಾ ಟವಲು ಬಾಚಿ ಮೈಗೆ ಸುತ್ತಿಕೊಂಡು ಗೋಡೆಗೆ ಅಂಟಿದಳು.

"ಗಂಡಸಲ್ಲ, ನಾನು" ಎಂದಳು ಔಲಿಕ್ಕಿ ಸಣ್ಣ ದನಿಯಲ್ಲಿ. "ಹಿಮ ಗೋರೋ ಮೌನೋ. ಇಲ್ಲಿ ಬಂದ್ರೆ ಹಿಂಗೆ ಮಾಡ್ತೀನಿ. ಒಬ್ಬಳೇ. ಅದಕ್ಕೇ ಈ ಶುಕ್ರವಾರ..."

ಬೆವರು ತೊಟ್ಟಿಕ್ಕಿತು. ಮುಗೀತು, ಹುಚ್ಚಿಯ ಮನೆ ಅಂತ ಊರೆಲ್ಲ ಸಾರುತ್ತಾಳೆ ಅಂದುಕೊಂಡಳು.

"ಇನ್ನೊಂದ್ಸಲ ಮಾಡಿ" ಎಂದಳು ವೆನ್ಲಾ.

ಮೌನೋ ಬಂದ, ಪಾದ್ರಿ ಬಂದರು, ಔಷಧಿ ಅಂಗಡಿಯ ಹುಡುಗಿ ಕೆಮ್ಮಿಗೆ ಮೂರು ಬಗೆಯ ಸಿರಪ್ಪು ಹೇಳಿದಳು. ಆಮೇಲೆ ಮೂಲೆಯಿಂದ ಬೇರೊಂದು ದನಿ, ಟ್ರಾಮಿನಲ್ಲಿ ನಿಲ್ದಾಣ ಸಾರುವ, ಊರೇ ಕೇಳಿದ ಹೆಣ್ಣಿನ ಮುದ್ರಿತ ದನಿ, ಗಾಜಿನಷ್ಟು ನಯ: "ಮುಂದಿನ ನಿಲ್ದಾಣ, ಮೇಲಿನ ಹಲಗೆ. ದಯವಿಟ್ಟು ಬಾಗಿಲಿಗೆ ಒರಗಬೇಡಿ."

ಔಲಿಕ್ಕಿ ಹಲಗೆಯ ಮೇಲೆ ಬಿದ್ದು ಬಿದ್ದು ನಕ್ಕಳು.

"ದಿನವಿಡೀ ಅವಳನ್ನೇ ಕೇಳಿಸ್ಕೊಳ್ತೀನಿ ಕಣ್ರೀ" ಎಂದಳು ವೆನ್ಲಾ, ಒಂಚೂರೂ ನಗದೆ. "ಸರದಿ ನಂದೇ ಇರ್ಲಿ. ಆದ್ರೆ ಒಬ್ಬಳೇ ಬಂದು ಯಾರಿಗೆ ಕೇಳಿಸ್ಲಿ?"

ಔಲಿಕ್ಕಿ ಕೆಳಗಿಳಿದು ಬಕೆಟ್ಟಿನಿಂದ ಸೌಟಿನ ತುಂಬ ನೀರೆತ್ತಿ, ಕಲ್ಲುಗಳ ಮೇಲೆ ಹಿಡಿದಳು. "ಎಷ್ಟು ಹಾಕ್ಲಿ ನಿಮ್ಗೆ?" ಎಂದು ಕೇಳಿದಳು, ತನ್ನದೇ ದನಿಯಲ್ಲಿ.