ಹದಿನೈದರ ತಲೆಗೆ ಇಪ್ಪತ್ತರ ಕಟಿಂಗ್

ಪ್ರತಿ ಮಂಗಳವಾರ ಮಧ್ಯಾಹ್ನ ನನ್ನ ಪಾರ್ಲರ್‌ಗೆ ಬೀಗ ಹಾಕಿ, ಕತ್ತರಿ ಬಾಚಣಿಗೆ ಚೀಲಕ್ಕೆ ತುಂಬಿಕೊಂಡು ಹುಡುಗಿಯರ ಆಶ್ರಯಧಾಮಕ್ಕೆ ಹೋಗುತ್ತೇನೆ. ಮನೆಯಲ್ಲಿ ಇರಲಾಗದೆ ಬಂದವರು, ಯಾರದೋ ಕೈಯಿಂದ ಬಿಡಿಸಿ ತಂದವರು, ಒಟ್ಟು ಹದಿನೇಳು ತಲೆ. ಪುಕ್ಕಟೆ ಮಾಡುತ್ತೇನೆಂಬ ಜಂಬವೂ ಸ್ವಲ್ಪ ಇತ್ತು, ಸುಳ್ಳೇಕೆ ಹೇಳಲಿ.

ಅಲ್ಲಿನ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ. ಮೊದಲ ದಿನವೇ ಅವರು ತಾಕೀತು ಮಾಡಿದ್ದರು: ಈ ಮಕ್ಕಳು ಎದುರು ಕೂತವರಿಗಿಂತ ಬೆನ್ನ ಹಿಂದೆ ನಿಂತವರ ಹತ್ತಿರ ಬಾಯಿ ಬಿಡುತ್ತಾರೆ, ಹೊಸ ಸ್ನೇಹ, ಹೊಸ ಫೋನು, ಹೊಸ ಕೆಲಸ, ಏನೇ ಕಿವಿಗೆ ಬಿದ್ದರೂ ನನಗೆ ಹೇಳು. ತಲೆಯಾಡಿಸಿದೆ, ಮನಸ್ಸು ಮಾತ್ರ ಒಪ್ಪಲಿಲ್ಲ. ಕುರ್ಚಿಯಲ್ಲಿ ಆಡಿದ ಮಾತು ಕುರ್ಚಿಯಲ್ಲೇ ಉಳಿಯಬೇಕು ಅನ್ನುವುದು ನನ್ನ ಕಸುಬಿನ ಮರ್ಯಾದೆ. ಇಪ್ಪತ್ತೆರಡು ವರ್ಷ ಗಿರಾಕಿಗಳನ್ನು ಉಳಿಸಿಕೊಂಡಿದ್ದೇ ಹಾಗೆ.

ಅವರಲ್ಲಿ ಒಬ್ಬಳಿಗೆ ಗಿರಗಿಟ್ಲೆ ಅಂತ ನಾನೇ ಹೆಸರಿಟ್ಟಿದ್ದೆ. ಹದಿನೈದು ವರ್ಷ, ಸೊಂಟದವರೆಗೆ ಜಡೆ. ಕತ್ತು ಒಂದು ಗಳಿಗೆ ನಿಲ್ಲುತ್ತಿರಲಿಲ್ಲ. ತುದಿ ಕತ್ತರಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು.

ಆ ಮಂಗಳವಾರ ಅವಳು ಅಲುಗಾಡದೆ ಕೂತಳು. ದೊಡ್ಡಮ್ಮ ಕಚೇರಿ ಕೆಲಸಕ್ಕೆ ಹೊರಗೆ ಹೋಗಿದ್ದರು. ಜಡೆ ಬೇಡ, ಭುಜದವರೆಗೆ ಸಾಕು, ಇಪ್ಪತ್ತರ ಹಾಗೆ ಕಾಣಬೇಕು ಅಂದಳು. ಬೇರೆ ಊರಿನ ಬಟ್ಟೆ ಅಂಗಡಿಯಲ್ಲಿ ಕೆಲಸವಂತೆ, ಪರಿಚಯದ ಅಣ್ಣನೊಬ್ಬ ಕೊಡಿಸುತ್ತಾನಂತೆ. ದೊಡ್ಡಮ್ಮನಿಗೆ ತಾನೇ ಹೇಳುತ್ತಾಳಂತೆ, ನಾನು ಹೇಳಬಾರದಂತೆ. ಹೂಂ ಅಂದೆ. ಅಪರೂಪಕ್ಕೆ ನೆಟ್ಟಗೆ ಕೂತ ತಲೆ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ನನ್ನ ಕೈಚಳಕವನ್ನೆಲ್ಲ ತೋರಿಸತೊಡಗಿದೆ. ಎಂಥ ದಡ್ಡಿ ನಾನು.

ಅರ್ಧ ಮುಗಿದಾಗ ಅವಳು ಕೆಳಗೆ ಬಿದ್ದ ಕೂದಲನ್ನೇ ನೋಡುತ್ತ ಕೇಳಿದಳು.

“ಅಕ್ಕಾ, ಇದು ಮತ್ತೆ ಮೊದಲಿನಷ್ಟು ಬೆಳೆಯೋಕೆ ಎಷ್ಟು ದಿನ ಬೇಕು?”

“ನಾಲ್ಕು ವರ್ಷ ಆದ್ರೂ ಬೇಕು ಕಣೇ. ಅರ್ಧಕ್ಕೆ ಬಿಟ್ರೆ ಚೆನ್ನಾಗಿರಲ್ಲ, ಸುಮ್ನೆ ಕೂತ್ಕೋ.”

ಸುಮ್ಮನೆ ಕೂತಳು.

ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಪಾರ್ಲರ್‌ಗೆ ಬಂದರು. ಹಿಂದಿನ ಸಂಜೆಯಿಂದ ಹುಡುಗಿ ಇರಲಿಲ್ಲ. ಗೇಟಿನ ಕಾವಲುಗಾರ ಅವಳನ್ನು ಯಾರೋ ಪಾಠ ಹೇಳಲು ಬಂದ ಮೇಡಂ ಅಂದುಕೊಂಡು, ಎದ್ದು ನಿಂತು ಬಾಗಿಲು ತೆಗೆದಿದ್ದ. ಪೊಲೀಸರಿಗೆ ಕೊಡಲು ದೊಡ್ಡಮ್ಮನ ಕೈಯಲ್ಲಿದ್ದ ಫೋಟೋದಲ್ಲಿ ಎರಡು ಜಡೆಯ ಮಗುವೊಂದು ಹಲ್ಲು ಬಿಟ್ಟು ನಗುತ್ತಿತ್ತು.

“ಬೈಯೋಕೆ ಬಂದಿಲ್ಲ,” ಅಂದರು. “ಈಗ ಅವಳು ಹೇಗೆ ಕಾಣ್ತಾಳೆ ಅಂತ ನಿನ್ನಷ್ಟು ಸರಿಯಾಗಿ ಯಾರಿಗೂ ಗೊತ್ತಿಲ್ಲ. ಹೇಳು.”

ಹೇಳಿದೆ. ಬೈತಲೆ ಎಡಕ್ಕೆ, ಹಣೆ ಮುಚ್ಚುವ ಎಳೆಗಳು, ಕೆನ್ನೆಯ ಮಗುತನ ಮರೆಯಾಗಲೆಂದು ಒಳಕ್ಕೆ ಬಾಗಿಸಿದ ತುದಿ. ಆ ಗುರುತು ಹಿಡಿದು ಪೊಲೀಸರು ವಿಚಾರಿಸಿದಾಗ, ಬಸ್ಸಿನ ಕಂಡಕ್ಟರ್ ಒಬ್ಬ ಅವಳನ್ನು ನೋಡಿದ್ದನಂತೆ. ಪಕ್ಕದಲ್ಲಿ ಒಬ್ಬ ಗಂಡಸಿದ್ದನಂತೆ. ದೊಡ್ಡವಳಂತೆ ಕಂಡಳು, ಅನುಮಾನ ಬರಲಿಲ್ಲ ಅಂದನಂತೆ.

ಐದು ತಿಂಗಳಾಯಿತು. ಮಂಗಳವಾರ ಈಗಲೂ ಹೋಗುತ್ತೇನೆ, ಕೇಳಿದ್ದನ್ನೆಲ್ಲ ದೊಡ್ಡಮ್ಮನಿಗೆ ಹೇಳುತ್ತೇನೆ. ಹುಡುಗಿಯರು ನನಗೆ ಚಾಡಿಕೋರಿ ಅಂತ ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ.

ವಾಪಸು ಬರುವಾಗ ಬಸ್ ನಿಲ್ದಾಣದಲ್ಲಿ ಇಳಿಯುತ್ತೇನೆ. ನಾನು ಕೊಟ್ಟ ಆಕಾರ ಇಷ್ಟೊತ್ತಿಗೆ ಕೆಟ್ಟಿರುತ್ತದೆ, ಗೊತ್ತು. ಆದರೂ ಭುಜದವರೆಗೆ ಕೂದಲು ಬಿಟ್ಟವರು ಕಂಡರೆ ಹಿಂದೆ ಹೋಗಿ ನಿಲ್ಲುತ್ತೇನೆ. ಅವರು ತಿರುಗುತ್ತಾರೆ. ಎಲ್ಲರೂ ನಿಜವಾಗಿಯೂ ಇಪ್ಪತ್ತು ವರ್ಷದವರೇ.